ನಾಲಾ ಇಲ್ಲದ ನಕ್ಷೆ

ಸೇಡಂ
೧೪ ಅಕ್ಟೋಬರ್ ೨೦೦೧, ರವಿವಾರ

ಪ್ರೀತಿಯ ಇಮಾಮ್ಬೀಗೆ,

ನಿನ್ನ ಪದ್ಮಾಳ ಸಲಾಂ. ತಾಂಡೂರಿನ್ಯಾಗ ನೀನು, ನಿಮ್ಮ ಮನಿಯವರು, ಮಕ್ಕಳು ಎಲ್ಲಾರೂ ಆರಾಮ ಇದ್ದೀರಿ ಅಂತ ತಿಳಕೊಂಡೀನಿ. ನಿನ್ನ ಎರಡೂ ಪತ್ರ ಮುಟ್ಟ್ಯಾವ. ಮೇ ತಿಂಗಳದಾಗ ನಿಮ್ಮ ಅಮ್ಮ, ನಮ್ಮ ಪೀರಮ್ಮ ಖಾಲಾ, ತೀರಿಕೊಂಡದ್ದು ಬರದದ್ದು ಒಂದು. ಆಮ್ಯಾಲ ಒಂದೇ ಸಾಲಿನ ಕಾರ್ಡು: "ಪದ್ಮಾ, ನಮ್ಮ ಅಮ್ಮನ ಮಣ್ಣಿಗೆ ನೀ ಯಾಕ ಬರಲಿಲ್ಲ?" ಐದು ತಿಂಗಳಾತು, ಆ ಕಾರ್ಡು ನನ್ನ ಚೀಲದಾಗೇ ಅದ. ಎಷ್ಟೋ ಸಲ ಬರೀಲಿಕ್ಕೆ ಕೂತು ಹರದು ಹಾಕೀನಿ. ಕೆಲಸ ಭಾಳ ಇತ್ತು, ಮೈ ನೆಟ್ಟಗಿರಲಿಲ್ಲ ಅಂತ ನೆವ ಹೇಳಬಹುದಿತ್ತು. ನಿನ್ನ ಮುಂದ ಹೇಳಲಾರೆ. ಬರೀಲಿಕ್ಕೆ ಧೈರ್ಯ ಇರಲಿಲ್ಲ, ಅಷ್ಟೇ.

ಇಲ್ಲೀ ಸುದ್ದಿ ಅಂದ್ರ, ನನಗ ಸೇಡಂಗೆ ವರ್ಗ ಆಗಿ ವರ್ಷದ ಮ್ಯಾಲಾತು. ಇವರು ಇನ್ನೂ ಚಿತ್ತಾಪುರದ ಸಾಲ್ಯಾಗೇ ಅದಾರ. ಶನಿವಾರ ಬಂದು ಸೋಮವಾರ ಮುಂಜಾನೆ ಹೋಗ್ತಾರ. ವೃಂದಾ ಬಿ.ಎಸ್ಸಿ. ಎರಡನೇ ವರ್ಷ. "ಇಮಾಮ್ಬೀ ಮೌಸಿ ಯಾಕ ಬರೂದೇ ಬಿಟ್ಟಾಳ?" ಅಂತ ಮೊನ್ನೆನೂ ಕೇಳಿದಳು. ತೊಗರಿ ಈ ಸಲ ಛಲೋ ಅದ ಅಂತಾರ ಜನ. ಮಳಿ ಮಾತ್ರ ಮೊದಲಿನಂಗ ಇಲ್ಲ. ತಿಂಗಳಗಟ್ಟಲೆ ಮಾರಿ ತೋರಸಂಗಿಲ್ಲ, ಬಂದ್ರ ಒಂದೇ ದಿನದಾಗ ಎಲ್ಲಾ ಸುರುವಿ ಹೋಗ್ತದ. ಮಾಡ ಕಪ್ಪಾತಂದ್ರ ನಾ ಕೈಯಾಗಿನ ಕೆಲಸ ಬಿಟ್ಟು ಅಂಗಳಕ್ಕ ಹೋಗಿ ನಿಂದರತೀನಿ. ಅದು ಯಾಕಂತ ನಿನಗ ಹೇಳಬೇಕಂದ್ರ ಆರು ವರ್ಷ ಹಿಂದಕ್ಕ ಹೋಗಬೇಕು.

ಸರ್ವೇ ಆಫೀಸಿನ್ಯಾಗ ನನ್ನ ಕೆಲಸ ನಿನಗ ಗೊತ್ತು. ಹಳೇ ನಕ್ಷೆ ಮ್ಯಾಲ ಟ್ರೇಸಿಂಗ್ ಕಾಗದ ಹಾಸಿ ಮಸಿಯಿಂದ ತಿದ್ದೂದು. ೧೯೯೫ರಾಗ ನಮ್ಮ ಚಿತ್ತಾಪುರದ ಮ್ಯಾಲಿನ ದಿಕ್ಕಿಗೆ, ನೆಲಕ್ಕ ಹಾಸೂ ಪರಸಿ ಕಲ್ಲು ತೆಗದು ಬಿಟ್ಟ ಖಣಿ ಬಾಜೂಕ ಒಂದು ಲೇಔಟ್ ಆಗೂದಿತ್ತು. ವಾಡಿಗೆ ನೌಕರಿಗೆ ಹೋಗೂ ಜನ, ಮಾಸ್ತರರು, ವಕೀಲರು ಮನಿ ಕಟ್ಟೂ ಜಾಗ. ಮೇಜಿನ ಮ್ಯಾಲ ನಿಜಾಮರ ಕಾಲದ ನಕ್ಷೆ ಇತ್ತು. ಖಣಿ ಕಡಿಂದ ಕಾಗಿಣಾ ಹೊಳಿ ತನಕ ಹಳ್ಳದ ಒಂದು ಅಗಲ ನೀಲಿ ಪಟ್ಟಿ, ಅದರ ಮ್ಯಾಲ ಉರ್ದುದಾಗ 'ನಾಲಾ' ಅಂತ ಬರದಿತ್ತು. ನಮ್ಮ ಆಫೀಸಿನ್ಯಾಗ ಅದನ್ನ ಓದಾಕಿ ನಾನೊಬ್ಬಾಕಿನೇ. ಆರನೇ ಇಯತ್ತೆಯೊಳಗ ನಿಮ್ಮ ಮನಿ ಕಟ್ಟಿ ಮ್ಯಾಲ ಕೂಡಿಸಿಕೊಂಡು ಅಲಿಫ್, ಬೇ ಕಲಿಸಿದಾಕಿ ನೀನು. ನಾ ಓದಿದ್ರ ಖಾಲಾ ಖುಷಿಲೇ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಡತಿದ್ದಳು. ನಿಮ್ಮ ಮನ್ಯಾಗ ತಿಂದದ್ದು ನಮ್ಮವ್ವಗ ಕಡೀತನಕ ಗೊತ್ತಾಗಲೇ ಇಲ್ಲ.

ನಮ್ಮ ಆಫೀಸಿನ ನಂದಕಿಶೋರ್ ಸಾಹೇಬರು ಮೇಜಿನ ಹತ್ರ ಬಂದು ನಿಂತರು. ಕೆಟ್ಟ ಮನುಷ್ಯಾ ಅಲ್ಲ, ಇಮಾಮ್ಬೀ. ವೃಂದಾಗ ಜ್ವರ ಏರಿದಾಗ ತಮ್ಮ ಜೀಪಿನ್ಯಾಗ ಗುಲಬರ್ಗಾ ದವಾಖಾನಿಗೆ ಕಳಸಿದವರು ಅವರೇ.

"ಪದ್ಮಾಬಾಯಿ, ಈ ನೀಲಿ ಪಟ್ಟಿ ಇದ್ರ ಲೇಔಟ್ ಪಾಸಾಗಂಗಿಲ್ಲ. ವರ್ಷದಾಗ ಹತ್ತು ತಿಂಗಳು ಒಣಗಿ ಬಿದ್ದಿರೂ ತಗ್ಗು ಅದು. ಒಂದು ಪೈಪು ಹಾಕ್ತಾರ. ಬಿಟ್ಟುಬಿಡ್ರಿ."

"ಸಾಹೇಬ್ರ, ಮಳಿಗಾಲದಾಗ ಭಾಳ ನೀರು ಬರ್ತದ್ರಿ ಅಲ್ಲೆ."

"ಅದನ್ನ ಎಂಜಿನಿಯರು ನೋಡ್ಕೋತಾರ. ನೀವು ನಿಮ್ಮ ಕೆಲಸ ಮಾಡ್ರಿ."

ನಾ ನನ್ನ ಕೆಲಸ ಮಾಡಿದೆ. ನೀಲಿ ಪಟ್ಟಿ ಒಂದು ಬಿಟ್ಟು ಉಳಿದದ್ದೆಲ್ಲಾ ತಿದ್ದಿದೆ. ಅಕ್ಷರ ಚಂದ ಬಂದಾವ ಅಂತ ಸಾಹೇಬರು ಹೊಗಳಿದರು. ನನಗೂ ಹಿಗ್ಗಾತು. ಮುಚ್ಚಿಟ್ಟು ಏನು ಮಾಡ್ಲಿ, ಹಿಗ್ಗಾತು.

ನಿಮ್ಮ ಗಲ್ಲಿ ಅದೇ ನಾಲಾದ ಕೆಳಗಿನ ದಂಡಿಗೆ ಇತ್ತು. ಖಣಿ ಕೆಲಸಕ್ಕ ಬಂದ ನಿಮ್ಮಜ್ಜ ತಿಳದವ. ನೀರಿಗೆ ಜಾಗ ಬಿಟ್ಟು, ಒಡಕು ಪರಸಿ ಒಟ್ಟಿ ಎತ್ತರ ಕಟ್ಟಿ ಮಾಡಿ ಅದರ ಮ್ಯಾಲ ಮನಿ ಕಟ್ಟಿದ್ದ. ಗಲ್ಲಿಯವರೆಲ್ಲಾ ಹಂಗೇ ಕಟ್ಟಿದರು. ನಾವು ಸಣ್ಣವರಿದ್ದಾಗ ಎಂಥಾ ಮಳಿ ಬಂದ್ರೂ ನೀರು ನಾಲಾ ದಂಡಿ ಬೇವಿನ ಗಿಡ ದಾಟಿ ಮನಿ ಕಡೆ ಬಂದಿದ್ದಿಲ್ಲ. ಲೇಔಟಿನ್ಯಾಗ ನಾಲಾ ಮುಚ್ಚಿ ಮನಿ ಎದ್ದ ಮ್ಯಾಲ, ೧೯೯೮ರ ಸೆಪ್ಟೆಂಬರದಾಗ, ಮಧ್ಯಾಹ್ನ ಎರಡು ತಾಸು ಮಳಿ ಬಂತು. ಪೈಪು ಕಟ್ಟಿಕೊಂಡು, ನಿಂತ ನೀರೆಲ್ಲಾ ಲೇಔಟಿನ ರಸ್ತೆ ಹಿಡದು ಒಮ್ಮೆಲೇ ನಿಮ್ಮ ಗಲ್ಲಿಗೆ ನುಗ್ಗಿತು. ನಾವು ಆಫೀಸಿನವರು ಓಡಿ ಹೋಗೂದ್ರೊಳಗ ಹದಿನೇಳು ಮನಿ ಕುಸದಿದ್ದವು. ಬಾಜೂ ಮನಿ ಯಂಕಮ್ಮ ಗೋಡಿ ಕೆಳಗ ಸಿಕ್ಕು ಸತ್ತಳು. ನಿನ್ನ ತಮ್ಮ ಮಶಾಕ ಖಾಲಾನ್ನ ಹೆಗಲ ಮ್ಯಾಲ ಹೊತ್ತುಕೊಂಡು ಎದಿಮಟ ನೀರಾಗ ಬಂದ. ನನ್ನ ನೋಡಿದ ಕೂಡಲೇ ಖಾಲಾ ಅಂದಳು, "ಬೇಟಿ, ಇಷ್ಟ ವರ್ಷ ಈ ನೀರು ನಮ್ಮ ಕಡೆ ಬಂದಿದ್ದಿಲ್ಲ. ಈಗ್ಯಾಕ ಬಂತು?"

ಇದಿಷ್ಟೂ ಮಶಾಕ ನಿನಗ ಹೇಳ್ಯಾನ. ಖಾಲಾನ ಆ ಮಾತಿಗೆ ಉತ್ತರ ನನಗ ಗೊತ್ತಿತ್ತು ಅನ್ನೂದು ಮಾತ್ರ ಅವಗೂ ಗೊತ್ತಿರಲಿಲ್ಲ.

ಹೊಳ್ಳಿ ಬಂದಾಕಿ ಸುಮ್ಮನ ಕೂಡಲಿಲ್ಲ. ಮ್ಯಾಲಿನವರು ನೀರು ಯಾಕ ನುಗ್ಗಿತು ಅಂತ ವಿವರ ಕೇಳಿದ್ದರು. ನಾನೇ ಸಾಹೇಬರಿಗೆ "ನಾಲಾ ಎಲ್ಲಿತ್ತೋ ಅಲ್ಲೇ ಹಾಕಿ ಹೊಸಾ ನಕ್ಷೆ ಮಾಡ್ತೀನ್ರಿ" ಅಂದೆ. ಒಂದು ತಿಂಗಳು ಕೆಲಸ ಮಾಡಿದೆ. ಖಣಿಯಿಂದ ಹೊಳಿ ತನಕ ನಡದು, ಹಳೇ ಹೆಣ್ಮಕ್ಕಳನ್ನ ಕೇಳಿ ಕೇಳಿ, ನೀರು ಎಲ್ಲೆಲ್ಲಿ ತಿರಗತಿತ್ತು ಅನ್ನೂದನ್ನೆಲ್ಲಾ ಬರಕೊಂಡೆ. ನಾಲಾದ ಎರಡೂ ಕಡೆ ಮೂವತ್ತು ಮೂವತ್ತು ಫೂಟು ಯಾರೂ ಮನಿ ಕಟ್ಟಬಾರದು ಅಂತ ಕೆಂಪು ಗೆರಿ ಹಾಕಿದೆ. ಆ ಗೆರಿ ಒಳಗ ಲೇಔಟಿನ ನಲವತ್ತು ಮನಿ ಬಂದವು, ನಿಮ್ಮ ಗಲ್ಲಿ ಕಡಿಂದ ಅರವತ್ತು. ಲೇಔಟಿನ್ಯಾಗ ನಾಲಾ ತೆರದು ಬಿಟ್ಟರ ಕೆಳಗಿನವರಿಗೆ ಏನೂ ಆಗೂದಿಲ್ಲ, ನಿಮ್ಮ ಮನಿ ಎತ್ತರದ ಮ್ಯಾಲ ಅವ ಅಂತ ಬಾಜೂಕ ಟಿಪ್ಪಣಿನೂ ಬರದೆ. ಮಾಡಿದ ತಪ್ಪು ತಿದ್ದಿದೆ ಅಂದುಕೊಂಡು ಆ ದಿನ ಹೊಟ್ಟಿ ತುಂಬ ಉಂಡೆ.

ವರ್ಷ ಕಳದ ಮ್ಯಾಲ ಹುಕುಂ ಬಂತು. ಎಬ್ಬಿಸೂದು ನಿಮ್ಮ ಗಲ್ಲಿ ಒಂದೇ.

ಸಾಹೇಬರ ಖೋಲಿಗೆ ಓಡಿದೆ. "ಗೆರಿ ಮ್ಯಾಲಿಂದ ಕೆಳಗಿನ ತನಕ ಅದರಿ ಸಾಹೇಬ್ರ. ಕೆಳಗಿಂದಷ್ಟೇ ಹ್ಯಾಂಗ ಹಿಡೀತೀರಿ?"

ಅವರು ತಲಿ ಎತ್ತದೇ ಹೇಳಿದರು, "ಲೇಔಟಿನವರ ಹತ್ರ ಪಾಸಾದ ನಕ್ಷೆ ಅದ. ಅವರ ಮನಿ ಮುಟ್ಟಿದ್ರ ಕೋರ್ಟಿಗೆ ಎಳೀತಾರ. ಗಲ್ಲಿಯವರ ಹತ್ರ ಏನದ, ಹೇಳ್ರಿ?"

ಆ ಪಾಸಾದ ನಕ್ಷೆನೂ ನಾ ತಿದ್ದಿದ್ದೇ. ಮೊದಲನೇದ್ದು ಅವರನ್ನ ಉಳಿಸ್ತು, ಎರಡನೇದ್ದು ನಿಮ್ಮನ್ನ ಎಬ್ಬಿಸ್ತು. "ಮೊದಲಿನ ನಕ್ಷೆ ಸುಳ್ಳು, ಬರದಾಕಿ ನಾನೇ" ಅಂತ ಅಲ್ಲೇ ಹೇಳಿದ್ರ ಏನಾಗ್ತಿತ್ತೋ. ಬಾಗಿಲ ತನಕ ಹೋದೆ, ಮತ್ತ ಹೊಳ್ಳಿ ನಿಂತೆ. ಸಾಹೇಬರು "ಮತ್ತೇನ್ರಿ?" ಅಂದರು. "ಏನಿಲ್ರಿ" ಅಂದೆ. ನೌಕರಿ ಹೋಗ್ತದ ಅನ್ನೂ ಅಂಜಿಕಿ ಅಷ್ಟೇ ಅಲ್ಲ. ಇಪ್ಪತ್ತು ವರ್ಷ ನನ್ನ ಕೈ ಕೆಲಸಕ್ಕ ಯಾರೂ ಬೆರಳು ಮಾಡಿ ತೋರಸಿದ್ದಿಲ್ಲ.

೨೦೦೦ದ ಫೆಬ್ರುವರಿಯೊಳಗ ಗಲ್ಲಿ ತೆಗದರು. ನಕ್ಷೆ ಹಿಡಕೊಂಡು ನಾನೂ ಹೋಗಬೇಕಾತು. ಖಣಿ ಆಚಿಗೆ ನಿಮ್ಮವರಿಗೆ ಕೊಟ್ಟ ಜಾಗ ನೀ ನೋಡೀದಿ. ಕೆಳಗ ಬರೇ ಹಾಸುಗಲ್ಲು, ಮ್ಯಾಲ ತಗಡು. ಒಂದು ಗಿಡ ಇಲ್ಲ. ಬ್ಯಾಸಗ್ಯಾಗ ಸಂಜಿ ಏಳಾದ್ರೂ ಕಲ್ಲು ಕಾದೇ ಇರ್ತದ. ನಳ ಬರ್ತದ, ಬರ್ತದ ಅಂತ ಎರಡು ಬ್ಯಾಸಗಿ ಕಳದವು. ಈ ಮೇ ತಿಂಗಳದಾಗ ಮೂರು ದಿನ ಟ್ಯಾಂಕರ್ ಬರಲಿಲ್ಲ. ಖಾಲಾ ಕೊಡ ಹಿಡಕೊಂಡು ಊರ ಕಡೆ ನಡಕೋತ ಹೊಂಟು, ಲೇಔಟಿನ ಕಮಾನಿನ ಹತ್ರ ಬಿಸಲಾಗ ಬಿದ್ದಾಕಿ ಏಳಲಿಲ್ಲ. ಮಶಾಕ ಆವತ್ತೇ ಸೇಡಂಗೆ ಫೋನ್ ಮಾಡಿ ಹೇಳಿದ. ನಾ ಸೀರಿ ಬದಲಿಸಿ, ಬಸ್‌ ಸ್ಟ್ಯಾಂಡಿಗೆ ಹೋಗಿ, ಬಸ್ಸಿನ್ಯಾಗ ಕೂತು, ಬಸ್ಸು ಹೊರಡೂ ಹೊತ್ತಿಗೆ ಇಳದು ಬಿಟ್ಟೆ. ಯಾವ ಮಾರಿ ಇಟ್ಕೊಂಡು ಬರಲಿ? ನಿನ್ನ ಕಾರ್ಡಿಗೆ ಉತ್ತರ ಇದು.

ಹೋದ ಸೋಮವಾರ ಮ್ಯಾಲಿನ ಅಧಿಕಾರಿಗಳಿಗೆ ಎಲ್ಲಾ ಬರದು ಕೊಟ್ಟೀನಿ. ಮೊದಲನೇ ನಕ್ಷೆಯೊಳಗ ನಾಲಾ ಬಿಟ್ಟದ್ದು ನಾನು, ನಾಲಾ ಇಂಥಲ್ಲಿ ಇತ್ತು, ಲೇಔಟಿನ್ಯಾಗ ಇನ್ನೂ ಖಾಲಿ ಬಿದ್ದ ಜಾಗದಾಗ ಅದನ್ನ ತೆರೀಬಹುದು, ಗಲ್ಲಿಯವರಿಗೆ ಅವರ ಎತ್ತರದ ಜಾಗ ತಿರುಗಿ ಕೊಡಬೇಕು, ಅಲ್ಲೀತನ ಖಣಿ ಹತ್ರ ನಳ ಹಾಕಸಬೇಕು ಅಂತ. ಶುಕ್ರವಾರ ನನಗ ನೋಟಿಸು ಬಂತು, ಯಾಕ ಕ್ರಮ ತಗೋಬಾರದು ಅಂತ. ನೌಕರಿ ಉಳೀತದೋ ಇಲ್ಲೋ. ಇವರು ಓದಿ, "ಮೊದಲೇ ಮಾಡಬೇಕಿತ್ತು" ಅಂದರು, ಅಷ್ಟೇ. ಗಲ್ಲಿಗೆ ಏನರ ಆಗ್ತದೋ, ಕಾಗದ ಎಲ್ಲೋ ಬಿದ್ದಿರ್ತದೋ, ತಿಳೀದು.

ಆ ಕಾಗದ ಅಧಿಕಾರಿಗಳಿಗೆ ಕೊಡೂಕಿಂತ ಮೊದಲ ಮಶಾಕನ್ನ ಕರಸಿ ಓದಸಿದೆ. ಓದಿ ಕಾಗದ ಮಡಚಿ ನನ್ನ ಮುಂದ ಇಟ್ಟ. "ಅಕ್ಕಾ, ಯಂಕಮ್ಮ ಸತ್ತಾಗರ ಹೇಳಬೇಕಿತ್ತಲ್ಲ" ಅಂದ. ವೃಂದಾ ಚಹಾ ತಂದಿಟ್ಟಳು, ಅಂವ ಮುಟ್ಟಲಿಲ್ಲ. ಬಾಗಲದಾಗ ಚಪ್ಪಲಿ ಮೆಟ್ಟಿಕೋತ, "ಇಮಾಮ್ಬೀಗೆ ನಾ ಹೇಳಂಗಿಲ್ಲ. ನೀನೇ ಬರೀ" ಅಂದ. ಅದಕ್ಕ ಬರೀಲಿಕತ್ತೀನಿ.

ನೀ ಮಾಫ್ ಮಾಡು ಅಂತ ಕೇಳಂಗಿಲ್ಲ. ಉತ್ತರ ಬರೀಲಿಲ್ಲಂದ್ರೂ ನನಗ ತಿಳೀತದ. ನಿನ್ನ ಮಕ್ಕಳು ನೂರು ವರ್ಷ ತಂಪಾಗಿ ಬಾಳಲಿ. ಅವರು ಎಲ್ಲೇ ಮನಿ ಮಾಡ್ಲಿ, ಅಲ್ಲೆ ನೀರು ಇರಲಿ, ನೆರಳಿರಲಿ, ಏಳ್ರಿ ಅನ್ನೂ ದಿನ ಬರದೇ ಇರಲಿ ಅಂತ ದಿನಾ ದೇವರಿಗೆ ಕೈ ಮುಗೀತೀನಿ.

ನಿನ್ನ
ಪದ್ಮಾ

ತಾ.ಕ.: ನಕ್ಷೆ ಬಗ್ಗೆ ಮ್ಯಾಲ ಬರದದ್ದನ್ನೆಲ್ಲಾ ಅಧಿಕಾರಿಗಳಿಗೂ ಬರದೀನಿ. ಇದೊಂದು ಬರದಿಲ್ಲ. ಮಶಾಕಗೂ ಹೇಳಿಲ್ಲ. ಗಲ್ಲಿ ತೆಗದ ದಿನ ಮುಂಜಾನೆ, ಸಾಮಾನೆಲ್ಲಾ ಹೊರಗ ಇಟ್ಟು ಖಾಲಾ ಅದರ ಮ್ಯಾಲ ಕೂತಿದ್ದಳು. ನನ್ನ ಕೈಯಾಗ ನಕ್ಷೆ ನೋಡಿ ಕರದಳು. ಕೆಂಪು ಗೆರಿ ಮ್ಯಾಲ ಬೆರಳಿಟ್ಟು, "ಬೇಟಿ, ನೀ ಅದೇ ಆಫೀಸಿನ್ಯಾಗ ಇದ್ದೀಯಲ್ಲ, ಇದನ್ನ ಎಳದವರು ಯಾರು?" ಅಂತ ಕೇಳಿದಳು. "ನನಗ ಗೊತ್ತಿಲ್ಲ ಖಾಲಾ, ಗುಲಬರ್ಗಾದಿಂದ ಬಂದದ್ದು" ಅಂದೆ. ಅಕಿ ನಂಬಿದಳು, ಇಮಾಮ್ಬೀ. ನನ್ನ ಕೈ ಹಿಡದು, "ಹಂಗಿದ್ರ ನೀನೇ ಒಂದು ಎಳೀ ಬೇಟಿ. ನಿನಗ ನಮ್ಮ ಮನಿ ಗೊತ್ತದ. ನೀ ಎಳದ್ರ ನಮ್ಮನ್ನ ಬಿಡಂಗಿಲ್ಲ" ಅಂದಳು. ನಾ ಆಗಲಿ ಅಂದೆ. ಆಮ್ಯಾಲ ಖಣಿ ಕಡೆ ಯಾರ ಹೋದ್ರೂ ಖಾಲಾ ಒಂದೇ ಮಾತು ಕೇಳತಿದ್ದಳಂತ: "ಪದ್ಮಾನ ನಕ್ಷೆ ಬಂತೇನು?"