ಗಾಡಿ ತಾನೇ ನಿಂತಿತು

ಮಾರ್ಚ್ 4, ಮಂಗಳವಾರ

ಗಾಡಿ ಮತ್ತೆ ಸರ್ವಿಸ್ ಸೆಂಟರಿನಲ್ಲಿ. ಬೆಳಿಗ್ಗೆಯೇ ಬಿಟ್ಟು ಬಂದೆ. ಅಲ್ಲಿಂದ ಬಸ್ಸು, ಬಸ್ಸಿನಿಂದ ಕಚೇರಿ. ಏಳು ಸೀಟಿನ ಎಸ್‌ಯುವಿ ಇಟ್ಟುಕೊಂಡು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ಭಾಗ್ಯ ಎಲ್ಲರಿಗೂ ಒದಗುವಂಥದ್ದಲ್ಲ.

ದೂರು ಹಳೆಯದೇ — ಓಡುತ್ತಿರುವಾಗಲೇ ಎಂಜಿನ್ ಬಂದ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಕೊಂಡ ವರ್ಷದಿಂದ ಇದೇ ಹಣೆಬರಹ. ಸಂಜೆ ಸಿಕ್ಕ ಉತ್ತರವೂ ಹಳೆಯದೇ: ‘ಪರೀಕ್ಷಿಸಲಾಗಿದೆ. ದೋಷ ಕಂಡುಬಂದಿಲ್ಲ.’ ಸರ್ವಿಸ್ ಅಡ್ವೈಸರ್ ಎಂಬಾತ ಇದನ್ನು ಹೇಳುವಾಗಲೂ ನಗುತ್ತಾನೆ. ‘ನಗುಮುಖ’ ಎಂದೇ ಹೆಸರಿಟ್ಟಿದ್ದೇನೆ.

“ನೀಟಾಗಿ ಓಡ್ತಿದೆ ಸರ್. ನಾನೇ ಎರಡು ರೌಂಡ್ ಹೊಡ್ಕೊಂಡು ಬಂದೆ.”

“ನಿಮ್ಮ ಕೈಯಲ್ಲಿ ಓಡಲಿ ಎಂದು ನಾನು ಕೊಂಡದ್ದಲ್ಲ.”

“ವಾಶ್ ಕೂಡ ಮಾಡಿಸಿದೀನಿ ಸರ್. ಫ್ರೀ!”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸತತವಾಗಿ ಗೆದ್ದವನು ನಾನು. ಎದುರಾಳಿ ವಾದ ಹೂಡಿದರೆ ಖಂಡಿಸಬಹುದು. ಗಾಡಿ ತೊಳೆದು ಕೊಟ್ಟರೆ ಏನೆಂದು ಖಂಡಿಸುವುದು?

ಮಾರ್ಚ್ 11, ಮಂಗಳವಾರ

ಕಂಪನಿಯ ಮುಖ್ಯ ಕಚೇರಿಗೇ ದೂರು ಬರೆದೆ. ವಿಮಾ ಕಚೇರಿಯಲ್ಲಿ ಕುಳಿತು ಕ್ಲೇಮುಗಳಲ್ಲಿ ಹುಳುಕು ಹುಡುಕುವುದು ನನ್ನ ಉದ್ಯೋಗ. ಹುಳುಕಿಲ್ಲದ ದೂರು ಹೇಗಿರಬೇಕೆಂದು ಬಲ್ಲೆ. ಸಾರಾಂಶ ಇಷ್ಟು:

ಕಳೆದ ಅಕ್ಟೋಬರಿನಲ್ಲಿ ನನ್ನ ಮಗನಿಗೆ ಎದೆನೋವು ಬಂತು. ನಾನು ಕಚೇರಿಯಲ್ಲಿದ್ದೆ. ಆಂಬುಲೆನ್ಸ್ ತಡವಾಗುವುದೆಂದು ತಿಳಿದು ಈ ವಾಹನದಲ್ಲೇ ಆಸ್ಪತ್ರೆಗೆ ಹೊರಡಿಸಲಾಯಿತು. ಮೇಲ್ಸೇತುವೆಯ ಕೆಳಗೆ ವಾಹನ ತಾನಾಗಿ ನಿಂತುಹೋಯಿತು. ಆಸ್ಪತ್ರೆ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಮತ್ತೆ ಸ್ಟಾರ್ಟ್ ಆಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ‘ಇನ್ನೊಂಚೂರು ಮುಂಚೆ ಬಂದಿದ್ರೆ ನೋಡಬಹುದಿತ್ತು’ ಎಂದು ಡ್ಯೂಟಿ ಡಾಕ್ಟರು ಹೇಳಿದ್ದಾರೆ.

‘ವಾಹನ ಚಲಾಯಿಸುತ್ತಿದ್ದವರು’ ಎಂದು ಬರೆದೆ. ‘ನನ್ನ ಹೆಂಡತಿ’ ಎಂದು ಬರೆಯಲಿಲ್ಲ. ‘ಹೆಂಗಸು ಗಾಬರಿಯಲ್ಲಿ ಏನೋ ಮಾಡಿಕೊಂಡಿರಬೇಕು’ ಎನ್ನಲು ಅವರಿಗೆ ಅವಕಾಶ ಕೊಡಬಾರದು. ನಮ್ಮ ನೆಂಟರಲ್ಲೇ ಹಾಗೆ ಪಿಸುಗುಟ್ಟುವವರಿದ್ದಾರೆ. ಅವರೆಲ್ಲರ ಬಾಯಿಗೆ ಬೀಗ ಬೀಳಬೇಕಾದರೆ ತಪ್ಪು ಗಾಡಿಯದೆಂದು ಕಂಪನಿಯೇ ಒಪ್ಪಿಕೊಳ್ಳಬೇಕು. ನನಗೆ ಬೇಕಾಗಿರುವುದು ಅದೊಂದೇ.

ಮಗನಿಗೆ ಹತ್ತೊಂಬತ್ತು ವರ್ಷ. ಹುಟ್ಟಿದಾಗಿನಿಂದ ಹೃದಯ ದುರ್ಬಲ. ನಾಲಿಗೆ ಮಾತ್ರ ಬಲು ಗಟ್ಟಿ. ಊಟದ ಮೇಜಿನಲ್ಲಿ ನಾನು ಏನೆಂದರೂ ಅದಕ್ಕೆ ವಿರುದ್ಧ. ‘ಎದುರುಪಕ್ಷ’ ಎಂದೇ ಕರೆಯುತ್ತಿದ್ದೆ. ಈಗ ಸದನದಲ್ಲಿ ಎದುರುಪಕ್ಷವಿಲ್ಲ. ನಾನು ಹೇಳಿದ್ದೆಲ್ಲ ಪಾಸು.

ಮಾರ್ಚ್ 12

ದೂರನ್ನು ಹೆಂಡತಿಗೆ ಓದಿ ಹೇಳಿದೆ. ಬಟ್ಟೆ ಹರವುತ್ತಿದ್ದವಳು ತಿರುಗಿ ನೋಡಲಿಲ್ಲ.

“ಆ ಗಾಡಿ ಮಾರಿಬಿಡ್ರೀ.”

“ಸಾಕ್ಷ್ಯವನ್ನೇ ಮಾರುವುದೇ?”

“ಸಾಕ್ಷ್ಯ ಅಂತೆ…” ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡಳು. ಮುಂದಿನ ಮಾತು ಕ್ಲಿಪ್ಪಿನ ಹಿಂದೆಯೇ ಉಳಿಯಿತು.

ಇವಳಿಗಾಗಿಯೇ ಹೋರಾಡುತ್ತಿದ್ದೇನೆಂಬುದು ಇವಳಿಗೇಕೆ ಹೊಳೆಯುವುದಿಲ್ಲ?

ಮಾರ್ಚ್ 29, ಶನಿವಾರ

ಕಂಪನಿಯ ಉತ್ತರ ಬಂತು. ವಿಷಾದದ ಎರಡು ಸಾಲು, ಅನಂತರ ಷರತ್ತು: ಅದೇ ದಾರಿಯಲ್ಲಿ, ಅಂದು ಓಡಿಸಿದವರೇ ಓಡಿಸಬೇಕು, ಗಾಡಿಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ಅವರ ಸಿಬ್ಬಂದಿ ಜೊತೆಗಿರುತ್ತಾರೆ. ದೋಷ ಮತ್ತೆ ಕಾಣಿಸಿದರೆ ಮಾತ್ರ ಹೊಣೆ ಹೊರುತ್ತಾರೆ. ನ್ಯಾಯವಾದ ಷರತ್ತು. ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಕೇಳುತ್ತಿದ್ದೆ.

ಭಾಮೈದ ಬಂದಿದ್ದ. ಕೇಳಿ ಎಗರಾಡಿದ.

“ಅಕ್ಕನ್ನ ಮತ್ತೆ ಆ ಸೀಟಲ್ಲಿ ಕೂರಿಸ್ತೀರಾ? ತಲೆ ನೆಟ್ಟಗಿದೆಯಾ ಭಾವ ನಿಮ್ಗೆ?”

“ಸತ್ಯ ಹೊರಗೆ ಬರುವುದು ಬೇಡವೇ?”

“ಬಂದು ಏನ್ ಮಾಡುತ್ತೆ ನಿಮ್ಮ ಸತ್ಯ? ನಮ್ಮ ಜೊತೆ ಕೂತು ಕಾಫಿ ಕುಡಿಯುತ್ತಾ?”

ಒಳಗಿನಿಂದ ಅವಳ ದನಿ. “ಬರ್ತೀನಿ. ಯಾವತ್ತು ಅಂತ ಹೇಳಿ, ಸಾಕು.”

ಅಷ್ಟು ಸಲೀಸಾಗಿ ಒಪ್ಪಿಕೊಂಡಾಳೆಂದು ನಿರೀಕ್ಷಿಸಿರಲಿಲ್ಲ.

ಏಪ್ರಿಲ್ 5, ಶನಿವಾರ. ಬೆಳಿಗ್ಗೆ

ಹೊರಡುವ ಮುನ್ನ ಎರಡು ಸಾಲು. ಅವಳು ಆಗಲೇ ಕೆಳಗಿಳಿದಿದ್ದಾಳೆ. ನಗುಮುಖ ಲ್ಯಾಪ್‌ಟಾಪ್ ಹಿಡಿದು ಗೇಟಿನ ಬಳಿ ನಿಂತಿದ್ದಾನೆ. ಅಕ್ಟೋಬರಿನಿಂದ ಅವಳು ಸ್ಟಿಯರಿಂಗ್ ಮುಟ್ಟಿಲ್ಲ. ಗಾಡಿ ಇವತ್ತು ಕೈಕೊಡಬೇಕು. ಗಾಡಿ ಕೈಕೊಡಲೆಂದು ಹಾರೈಸುವ ಮಾಲೀಕ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಅದೇ ದಿನ, ಸಂಜೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಬೇರೆ ಯಾವುದೂ ಕೈಗೆ ಹತ್ತುತ್ತಿಲ್ಲ.

ಸೊಗಸಾಗಿ ಓಡಿಸಿದಳು. ಪಕ್ಕದಲ್ಲಿ ನಾನು, ಹಿಂದೆ ನಗುಮುಖ. ಗಾಡಿ ಒಮ್ಮೆಯೂ ತಡವರಿಸಲಿಲ್ಲ. ಮೇಲ್ಸೇತುವೆಯ ನೆರಳು ಬಂತು. ಇಂಡಿಕೇಟರ್ ಹಾಕಿದಳು. ರಸ್ತೆಯ ಅಂಚಿಗೆ ತಂದಳು. ಹ್ಯಾಂಡ್‌ಬ್ರೇಕ್ ಎಳೆದಳು. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು.

“ಮೇಡಂ, ಆಫ್ ಆಯ್ತಾ?”

“ನಾನೇ ಆಫ್ ಮಾಡಿದೆ.”

“ಹಾಗಲ್ಲ ಮೇಡಂ, ಅವತ್ತು ಹೇಗಾಯ್ತೋ ಹಾಗೇ—”

“ಅವತ್ತೂ ಹೀಗೇ ಆಯ್ತಪ್ಪಾ.”

ಆಮೇಲೆ ನನ್ನ ಕಡೆ ತಿರುಗದೆ, ಗಾಜಿನಾಚೆ ನೋಡುತ್ತ: “ಹಿಂದಿನ ಸೀಟಲ್ಲಿ ಮಲಗಿದ್ದ. ‘ಅಮ್ಮಾ, ನಿಲ್ಸು, ಇಲ್ಲಿ ಬಾ, ಒಬ್ಬನಿಗೇ ಭಯ ಆಗ್ತಿದೆ’ ಅಂದ. ಇನ್ನೇನು ಬಂತಲ್ಲೋ ಆಸ್ಪತ್ರೆ ಅಂದೆ. ಮತ್ತೆ ಕರೆದ. ನಿಲ್ಲಿಸಿದೆ. ಹಿಂದೆ ಹೋಗಿ ಅವನ ತಲೆ ತೊಡೆ ಮೇಲೆ ಇಟ್ಕೊಂಡು ಕೂತೆ.”

“ಗಾಡಿ ನಿಂತಿತೆಂದು ನೀನೇ—”

“ಆಸ್ಪತ್ರೆ ಬಾಗಿಲಲ್ಲಿ ನೀವು ಕೇಳಿದ ಮೊದಲನೇ ಮಾತು ನೆನಪಿದೆಯಾ? ‘ಯಾಕೆ ತಡ?’ ಮಗ ಹೇಗಿದ್ದಾನೆ ಅಂತಲ್ಲ. ಯಾಕೆ ತಡ.”

ಸಾರ್ವಜನಿಕ ರಸ್ತೆಯಲ್ಲಿ, ಪರರ ಮುಂದೆ. ನಾನು ಇಳಿದು ಆ ಕಡೆ ಹೋಗಿ ಬಾಗಿಲು ತೆರೆದೆ. ಅವಳು ಜಾಗ ಬದಲಿಸಿದಳು. ನಾನು ಓಡಿಸತೊಡಗಿದೆ.

ಎರಡನೆಯ ಸಿಗ್ನಲ್ಲಿನಲ್ಲಿ ಎಂಜಿನ್ ಸತ್ತಿತು. ತಾನಾಗಿ. ನಟ್ಟನಡು ರಸ್ತೆಯಲ್ಲಿ. ಹಿಂದಿನವರೆಲ್ಲ ಹಾರ್ನ್ ಒತ್ತಿದರು. ಒಬ್ಬ ಪಕ್ಕಕ್ಕೆ ಬಂದು ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡು ಹೋದ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಕೂಗು: “ಸಿಕ್ತು ಸರ್! ಎರರ್ ಕೋಡ್ ಬಂತು! ಫ್ಯೂಯಲ್ ಪಂಪಿಗೆ ಕರೆಂಟೇ ಹೋಗ್ತಿಲ್ಲ! ಸಿಕ್ತು!” ಲಾಟರಿ ಹೊಡೆದವನ ಸಂಭ್ರಮ. ಮರುಕ್ಷಣ ಏನೋ ನೆನಪಾಗಿ ಬಾಯಿ ಮುಚ್ಚಿಕೊಂಡ.

ನಾನು ಗೆದ್ದೆ. ಪಕ್ಕದಲ್ಲಿ ಅವಳು ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು.

ಏಪ್ರಿಲ್ 19, ಶನಿವಾರ

ನಡುವೆ ಏನೂ ಬರೆಯಲಿಲ್ಲ. ಅವಳು ಊಟ ಬಡಿಸುತ್ತಾಳೆ, ತಿನ್ನುತ್ತೇನೆ, ತಟ್ಟೆ ತೊಳೆಯುತ್ತೇನೆ. ಅವಳು ನಿಲ್ಲಿಸದೆ ಹೋಗಿದ್ದರೆ ಮಗ ಉಳಿಯುತ್ತಿದ್ದನೇ? ಈ ವಿಷಯದ ಪರವಾಗಿಯೂ ನಾನೇ ವಾದಿಸುತ್ತೇನೆ, ವಿರೋಧವಾಗಿಯೂ ನಾನೇ. ಎರಡೂ ಕಡೆಯಿಂದ ಸೋಲುತ್ತೇನೆ. ಅವಳ ಮೇಲೆ ಸಿಟ್ಟು ಬರುತ್ತದೆ. ಕರೆದಾಗ ನಾನಾಗಿದ್ದರೆ ನಿಲ್ಲಿಸುತ್ತಿರಲಿಲ್ಲ. ಖಂಡಿತ ಇಲ್ಲ. ‘ಸುಮ್ಮನೆ ಮಲಗು’ ಎಂದು ಗದರಿ ಓಡಿಸುತ್ತಿದ್ದೆ. ಅವನು ಗದರಿಕೆ ಕೇಳುತ್ತ…

ನಗುಮುಖ ಫೋನ್ ಮಾಡಿದ. ಗಾಡಿ ವಾಪಸ್ ತೆಗೆದುಕೊಳ್ಳುತ್ತಾರಂತೆ. ತಪ್ಪು ಒಪ್ಪಿಕೊಂಡು ಬರೆದುಕೊಡುತ್ತಾರಂತೆ.

“ಅಕ್ಟೋಬರಿನ ಘಟನೆನೂ ಅದರಲ್ಲಿ ಸೇರಿಸ್ಲಾ ಸರ್? ಮೇಡಂ ಆಫ್ ಮಾಡಿದ್ದನ್ನ ನಾನು ರಿಪೋರ್ಟಿಗೆ ಹಾಕಿಲ್ಲ. ಅದು… ನಿಮ್ಮ ಮನೆ ವಿಷಯ. ಸೋಮವಾರ ಹೇಳಿ ಸರ್.”

ನನ್ನ ಇಡೀ ವಾದಕ್ಕೆ ಜಯ. ಒಂದೇ ಒಂದು ಸುಳ್ಳಿಗೆ ತಲೆಯಾಡಿಸಬೇಕು, ಅಷ್ಟೇ. ಜೀವಮಾನದಲ್ಲಿ ಒಂದು ಸುಳ್ಳು ಕ್ಲೇಮಿಗೂ ಸಹಿ ಹಾಕಿದವನಲ್ಲ. ‘ಇಲ್ಲ’ ಎಂದೇ ಹೇಳುವುದೆಂದು ತೀರ್ಮಾನಿಸಿದ್ದೇನೆ. ನೆಂಟರು ಏನಾದರೂ ಅಂದುಕೊಳ್ಳಲಿ. ಅವಳೇ ಉತ್ತರ ಕೊಟ್ಟುಕೊಳ್ಳಲಿ.

ಏಪ್ರಿಲ್ 20, ಭಾನುವಾರ

ತೀರ್ಮಾನ ತಿಳಿಸಲೆಂದೇ ಅವಳ ಬಳಿ ಹೋದೆ. ಮಂಚದ ಮೇಲೆ ಕುಳಿತು ದಿಂಬಿಗೆ ಕವರು ಹಾಕುತ್ತಿದ್ದಳು. ಬಾಯಿಂದ ಬಂದದ್ದು ಬೇರೆ:

“ಗಾಡಿ ನಿಲ್ಲಿಸಿದ ಮೇಲೆ ಅವನು ಏನೆಂದ?”

“ಕೇಳ್ತಿದೀರೋ, ವಿಚಾರಣೆ ಮಾಡ್ತಿದೀರೋ?”

“ಕೇಳುತ್ತಿದ್ದೇನೆ.”

ದಿಂಬನ್ನು ತಟ್ಟಿ ಪಕ್ಕಕ್ಕಿಟ್ಟಳು. ಅನಂತರ ಹೇಳಿದಳು. ತೊಡೆಯ ಮೇಲೆ ತಲೆಯಿಟ್ಟ ಮೇಲೆ ಉಸಿರು ಸ್ವಲ್ಪ ನಿಧಾನವಾಯಿತಂತೆ. ಕಾರಿನ ಚಾವಣಿಯನ್ನು ನೋಡುತ್ತಿದ್ದನಂತೆ. ನಕ್ಕನಂತೆ ಕೂಡ.

“ಅಪ್ಪನಿಗೆ ಏನು ಹೇಳೋದೋ, ಬೈತಾರೆ ಕಣೋ, ನಡಿ ಹೋಗೋಣ ಅಂದೆ. ‘ಗಾಡಿ ತಾನೇ ನಿಂತುಹೋಯ್ತು ಅನ್ನಮ್ಮ. ಅಪ್ಪ ಅದೊಂದನ್ನ ಮಾತ್ರ ನಂಬ್ತಾರೆ’ ಅಂದ. ಅಷ್ಟೇ ರೀ. ಇನ್ನೇನೂ ಅನ್ನಲಿಲ್ಲ.”

ತೀರ್ಮಾನ ತಿಳಿಸದೆ ಎದ್ದು ಬಂದೆ.

ಏಪ್ರಿಲ್ 21, ಸೋಮವಾರ. ಬೆಳಿಗ್ಗೆ 9.30

ನಗುಮುಖನ ಫೋನು ಬಂತು. “ಏನು ಬರೀಲಿ ಸರ್?”

ಅವಳು ಬಾಗಿಲ ಬಳಿ ಬಂದು ನಿಂತಳು. ಕೈಯಲ್ಲಿ ನನ್ನ ಟಿಫಿನ್ ಡಬ್ಬಿ.

“ಅಂದು ಗಾಡಿ ತಾನೇ ನಿಂತಿತು ಎಂದು ಬರೆಯಿರಿ,” ಎಂದೆ. ಅವನು ಸರಿ ಎಂದ. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು, ಹೋಗಲಿಲ್ಲ.

ಸುಳ್ಳೆಂದು ತಿಳಿದೇ ಆಡಿದ ಮಾತು. ಒಂದು ಜನ್ಮವೆಲ್ಲ ವಾದಿಸಿದೆ. ಅದರಲ್ಲಿ ಒಂದು ಸಲವಾದರೂ ಮಗನ ಪರವಾಗಿ ಮಾತಾಡಿದಂತಾಯಿತು.