ಬಿಳಿ ಬಾಟಲಿ, ಅತ್ತೆಯ ಅರಿಶಿನ

ಫೆ. 3, ಸೋಮವಾರ. ಬೆಳಿಗ್ಗೆ 6.20

ಪೈಪಿನಲ್ಲಿ ನೀರು ಬಂತು. ನಾಲ್ಕು ದಿನಕ್ಕೊಮ್ಮೆ ಬರುವ ಹೊಗೇನಕಲ್ ನೀರು, ಅಂದರೆ ಕಾವೇರಿ. ಹತ್ತು ಕೊಡ ತುಂಬಿಸಿದೆ. ಅತ್ತೆ ಪಕ್ಕದಲ್ಲೇ ನಿಂತು ಪೊಲೀಸ್ ಡ್ಯೂಟಿ. ಅದರಲ್ಲಿ ಕೈ ತೊಳೆಯಲು ಹೋದೆ — "ಕುಡಿಯೋ ನೀರು ಕಣೇ ಶಶಿ. ಮೈಕೈಗೆ ಬೋರ್ ನೀರು ಐತಲ್ಲ, ಅದ್ರಲ್ಲಿ ತೊಳ್ಕೊ." ದಿನಾ ಇದೇ ಪಾಠ. ಕಾವೇರಿ ಬಾಯಿಗೆ, ಬೋರಿನ ಉಪ್ಪುನೀರು ಮೈಗೆ. ಈ ಮನೆಯ ಕಾನೂನು.

ಮಗಳು ವಾಣಿ ಇವತ್ತೂ ಕಾಲೇಜಿಗೆ ಹೋಗುವುದಿಲ್ಲವಂತೆ. ಒಂಬತ್ತನೇ ದಿನ. ನರ್ಸಿಂಗ್ ಎರಡನೇ ವರ್ಷ, ವಾರ್ಡಿನಲ್ಲಿ ಮಾಸ್ಕ್ ಹಾಕಲೇಬೇಕು, ಹಾಕಿದರೆ ಕೆನ್ನೆ ಬೆಂಕಿ. ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಮೂಲೆ ಹಿಡಿದಿದ್ದಾಳೆ. ನಿನ್ನೆ ಅವಳ ಮೇಡಂ ಫೋನ್ — 24ಕ್ಕೆ ಬಾರದಿದ್ದರೆ ಅಟೆಂಡೆನ್ಸ್ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವರ್ಷ ನೀರಿಗೆ ಬಿದ್ದ ಹಾಗೆ.

ಧರ್ಮಪುರಿಯ ಸ್ಕಿನ್ ಡಾಕ್ಟರ್ ಹೇಳಿದ್ದು — ಸೋಪು ಬೇಡ, ಅರಿಶಿನ ಬೇಡ, ಸೆಂಟಿಲ್ಲದ ಮೃದು ಫೇಸ್ ವಾಶ್. ಬಿಳಿ ಬಾಟಲಿ ತಂದಿದ್ದೇನೆ. 'ಸೆನ್ಸಿಟಿವ್ ಸ್ಕಿನ್‌ಗೆ' ಎಂದು ಮೇಲೆ ಬರೆದಿದೆ. ಬರೆಯುವುದಕ್ಕೇನು, ಯಾರು ಬೇಕಾದರೂ ಬರೆಯಬಹುದು. ಹದಿನಾಲ್ಕು ವರ್ಷ ಮೆಡಿಕಲ್ ಶಾಪಿನಲ್ಲಿ ನಿಂತವಳು ನಾನು. ಪರೀಕ್ಷೆ ಮಾಡದೆ ಮಗಳ ಮುಖಕ್ಕೆ ಮುಟ್ಟಿಸುವುದಿಲ್ಲ.

ಫೆ. 4, ಮಂಗಳ. ಅಂಗಡಿಯಲ್ಲಿ

ಬಾಟಲಿಯ ಹಿಂಭಾಗ ಪೂರ್ತಿ ಓದಿದೆ, ಇರುವೆ ಸಾಲಿನಂಥ ಅಕ್ಷರ. ಸೆಂಟ್ ಇಲ್ಲ. ಬಣ್ಣ ಇಲ್ಲ. ಸರಿ.

ಮೊದಲು ನನ್ನ ಮುಖಕ್ಕೇ. ಅಂಗಡಿಯ ಬೇಸಿನ್ನಿನಲ್ಲಿ ತೊಳೆದೆ. ಏನೂ ಆಗಲಿಲ್ಲ. ವಾಣಿಗೆ ಫೋನ್ ಮಾಡಿ ಹೇಳಿದರೆ — "ಅಮ್ಮಾ, ನಿಂದು ಎಮ್ಮೆ ತೋಲು. ನಿಂಗೆ ಆಸಿಡ್ ಆಕಿದ್ರೂ ಏನೂ ಆಗಲ್ಲ." ಬೆಳೆದ ಮಗಳು, ಬಾಯಿ ಬೆಳೆದಿದೆ. ಆದರೆ ಮಾತು ಸರಿ. ಸೂಕ್ಷ್ಮ ಚರ್ಮದ ಪರೀಕ್ಷೆ ಸೂಕ್ಷ್ಮ ಚರ್ಮದ ಮೇಲೇ ಆಗಬೇಕು.

ಮಧ್ಯಾಹ್ನ ಅವಳನ್ನೇ ಅಂಗಡಿಗೆ ಕರೆಸಿದೆ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ ತೊಳೆದೆ. ಅಂಗಡಿ ಮಾಲೀಕ ಸುಬ್ಬರಾಯನ್ ಸಾರ್ ಕನ್ನಡಕ ಏರಿಸಿ ನೋಡಿದರು. "ಎನ್ನಮ್ಮಾ, ಇಂಗೇ ಲ್ಯಾಬ್ ಆರಂಬಿಚ್ಚಿಟ್ಟಿಯಾ?" ಹೌದು ಸಾರ್, ಇಲ್ಲೇ ಲ್ಯಾಬ್ ಶುರು ಮಾಡಿದ್ದೇನೆ ಎಂದೆ. ಲ್ಯಾಬೇ.

ಫೆ. 7, ಶುಕ್ರವಾರ

ಪಾಸ್! ಕಿವಿಯ ಹಿಂದೆ ಒಂದು ಚುಕ್ಕೆಯಿಲ್ಲ. ಬುಧವಾರದಿಂದ ಇಡೀ ಮುಖ, ದಿನಕ್ಕೆ ಎರಡು ಸಲ, ನನ್ನ ಕಣ್ಣೆದುರು, ಅಂಗಡಿಯಲ್ಲೇ. ಇವತ್ತು ಕೆನ್ನೆಯ ಕೆಂಪು ಅರ್ಧ ಇಳಿದಿದೆ. ಕನ್ನಡಿ ನೋಡಿ ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ನೋಡಿ!

ಮೇಡಂಗೆ ಫೋನ್ ಮಾಡಿ ಹೇಳಿಬಿಟ್ಟೆ — 24ಕ್ಕೆ ಬರುತ್ತಾಳೆ, ನನ್ನ ಮಾತು. ಲಾರಿ ಓಡಿಸುವ ಗಂಡನಿಗೂ ಹೇಳಿದೆ. ಲಾರಿ ನಾಗಪುರದ ಹತ್ತಿರವಂತೆ. "ನೀನು ಏಳಿದ್ಮೇಲೆ ಮುಗೀತು" ಎಂದರು.

ಇನ್ನು ಅಂಗಡಿಗೆ ಅಲೆಸುವುದು ಬೇಡ. ನಾಳೆಯಿಂದ ಮನೆಯಲ್ಲೇ ತೊಳೆಯಲಿ.

ಫೆ. 10, ಸೋಮ. ಸಂಜೆ

ಮತ್ತೆ ಉರಿ. ಮೊನ್ನೆಯೇ ಶುರುವಾಗಿತ್ತಂತೆ, ನನಗೆ ಬೇಜಾರಾಗುತ್ತದೆ ಎಂದು ಹೇಳಿರಲಿಲ್ಲ. ಇವತ್ತು ಎರಡೂ ಕೆನ್ನೆ ಕೆಂಪು, ಗಲ್ಲದಲ್ಲಿ ಸಿಪ್ಪೆ. "ಪೋದುಂ ಅಮ್ಮಾ. ಸಾಕು. ಆ ಬಾಟಲಿ ಎಸಿ. ನಾನು ಕಾಲೇಜಿಗೇ ಓಗಲ್ಲ."

ಎಸೆಯುವುದಿಲ್ಲ. ಲೆಕ್ಕ ಹಾಕಿದೆ. ಬಾಟಲಿ ಅದೇ. ಮುಖ ಅದೇ. ಅಂಗಡಿಯಲ್ಲಿ ತಂಪು, ಮನೆಯಲ್ಲಿ ಉರಿ. ಅಂಗಡಿಯಲ್ಲಿ ಇಲ್ಲದ್ದು, ಮನೆಯಲ್ಲಿ ಇರುವುದು ಏನು?

ಅತ್ತೆ.

ಬಚ್ಚಲಿಗೆ ಹೋಗಿ ನೋಡಿದರೆ ವಾಣಿಯ ಟವೆಲ್ಲಿನ ಅಂಚು ಹಳದಿ! ಡಾಕ್ಟರ್ ಬೇಡವೆಂದ ದಿನದಿಂದ ಅತ್ತೆಯ ಗೊಣಗಾಟ ನಿಂತಿರಲಿಲ್ಲ — "ನಾವೇ ಬೆಳ್ದಿರೋ ಅರಿಶಿನ ಬುಟ್ಟು, ಬಾಟ್ಲಿ ನೊರೆ ಬೇಕಂತೆ." ಟವೆಲ್ ಹಿಡಿದುಕೊಂಡು ಹೋಗಿ ನೇರವಾಗಿ ಕೇಳಿದೆ. ನೀವೇ ತಾನೆ ಕದ್ದುಮುಚ್ಚಿ ಹಚ್ಚುತ್ತಿರುವುದು? ಮೊಮ್ಮಗಳ ಓದು ನಿಂತುಹೋದರೆ ನಿಮಗೆ ಸಮಾಧಾನವೇ?

ಅತ್ತೆ ತಮ್ಮ ಕೈ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ನಾನು ಅಚ್ಚಿಲ್ಲ ಕಣವ್ವಾ."

"ಅಜ್ಜಿ ನನ್ ಟವೆಲಲ್ಲಿ ಮೊಗ ಒರೆಸ್ಕೊಂಡ್ರು, ನಾನು ಬೇರೆ ತಗೊಂಡೆ. ಅಷ್ಟೇ ಅಮ್ಮಾ" ಎಂದಳು ವಾಣಿ. ಅಜ್ಜಿಯ ಪರ ಅವಳು ಯಾವಾಗಲೂ ವಕೀಲೆ. ನಾನು ನಂಬಲಿಲ್ಲ.

ಫೆ. 14, ಶುಕ್ರವಾರ

ಶುಕ್ರವಾರ ಅತ್ತೆ ಎಣ್ಣೆ ಸ್ನಾನ ಮಾಡಿ, ಕಲ್ಲಿನ ಮೇಲೆ ಅರಿಶಿನದ ಕೊಂಬು ತೇಯ್ದು ಮುಖಕ್ಕೆ ಬಳಿದುಕೊಂಡು ಬಂದರೆ ಮನೆಯೇ ಬೆಳಗುತ್ತಿತ್ತು. ಇವತ್ತು ಬೋಳು ಮುಖದಲ್ಲಿ ಬಂದರು. ಕುಂಕುಮ ಮಾತ್ರ. ತೇಯುವ ಕಲ್ಲು ಅಟ್ಟದ ಮೇಲೆ, ಹಳೇ ಗೋಣಿಯಲ್ಲಿ ಸುತ್ತಿ ಇಟ್ಟಿದ್ದಾರೆ.

ಮಾವನಿಗೆ ಅರ್ಥವಾಗಲಿಲ್ಲ. ಜಗುಲಿಯಿಂದಲೇ ಕೂಗಿದರು — "ಏನಮ್ಮೀ ಗಂಗಾ, ನಾನಿನ್ನೂ ಗುಂಡುಕಲ್ಲಂಗೆ ಇವ್ನಿ, ಮೊಗಕ್ಕೆ ಅರಿಶಿನ ಯಾಕಿಕ್ಕಿಲ್ಲ?"

ಅತ್ತೆ ಹಿತ್ತಲಿಗೆ ನಡೆದರು. ನನ್ನೊಂದಿಗೆ ಮಾತಿಲ್ಲ, ಸೋಮವಾರದಿಂದ. ಅಡುಗೆಮನೆಗೂ ಕಾಲಿಟ್ಟಿಲ್ಲ.

ಈಗ ಮನೆಯಲ್ಲಿ ಯಾರ ಮುಖಕ್ಕೂ ಒಂದು ಚಿಟಿಕೆ ಅರಿಶಿನವಿಲ್ಲ. ನಾಲ್ಕು ದಿನವಾಯಿತು. ವಾಣಿಯ ಮುಖ ಮಾತ್ರ ಹಾಗೇ ಉರಿಯುತ್ತಿದೆ.

ಅಂದರೆ... ಬರೆಯಲು ಕೈ ಬರುತ್ತಿಲ್ಲ. ಅತ್ತೆ ಅಲ್ಲ.

ಇನ್ನು ಹತ್ತು ದಿನ.

ಫೆ. 15, ಶನಿ. ಮಧ್ಯಾಹ್ನ

ಅವಸರದಲ್ಲಿ ಬೇಳೆಗೆ ಬೋರ್ ನೀರು ಸುರಿದಿದ್ದೇನೆ. ಕೊಡ ಯಾವುದು, ಬಕೆಟ್ ಯಾವುದು ಎಂದು ನೋಡಲಿಲ್ಲ. ಏಳು ವಿಶಲ್. ಕುಕ್ಕರ್ ತೆಗೆದರೆ ಬೇಳೆ ಕಲ್ಲಿನ ಹಾಗೇ ಕೂತಿದೆ. ಮತ್ತೆ ಇಟ್ಟೆ. ಮತ್ತೆ ನಾಲ್ಕು.

ಬಾಗಿಲಲ್ಲಿ ಅತ್ತೆ. ಐದು ದಿನದ ನಂತರ ಮೊದಲ ಮಾತು.

"ಅದು ಉಪ್ನೀರು. ಅದ್ರಲ್ಲಿ ಬ್ಯಾಳೆನೇ ಬೇಯಕ್ಕಿಲ್ಲ. ಎಷ್ಟು ದಪ ಏಳಿವ್ನಿ, ಬ್ಯಾಳೆಗೆ ಕಾವೇರಿ ನೀರು ಆಕು ಅಂತ."

ಸೌಟು ಕೈಯಲ್ಲೇ ಉಳಿಯಿತು. ಅಂಗಡಿಯ ಬೇಸಿನ್ನಿಗೆ ಬರುವುದು ಯಾವ ನೀರು? ಮೇನ್ ರೋಡಿನ ಪೈಪು. ಹೊಗೇನಕಲ್! ಮನೆಯ ಬಚ್ಚಲಿನಲ್ಲಿ? ಬೋರ್. ನಲ್ಲಿಯ ತುದಿಯಲ್ಲೆಲ್ಲ ಸುಣ್ಣ ಹಿಡಿದ ಹಾಗೆ ಬಿಳಿ ಕಟ್ಟಿದೆ. ವಾಣಿ ಹೇಳುತ್ತಿದ್ದಳು, ಎಷ್ಟು ತೊಳೆದರೂ ನೊರೆ ಬಿಡುವುದಿಲ್ಲ, ಮುಖ ಬಿಗಿದು ಹಿಡಿಯುತ್ತದೆ ಎಂದು. ಬಾಟಲಿ ಓದಿದೆ, ಟವೆಲ್ ಓದಿದೆ, ಅತ್ತೆಯ ಕೈ ಓದಿದೆ. ನೀರು ಮಾತ್ರ ನೋಡಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವಳು ನಾನೇ. ಹದಿನಾಲ್ಕು ವರ್ಷದ ಅನುಭವವಂತೆ!

ಈಗ ಅತ್ತೆಯ ಕೊಡದ ನೀರು ಕೇಳಬೇಕು. ಮುಖ ತೊಳೆಯಲು. ಅದೂ ನಾನು.

ಅದೇ ದಿನ, ಸಂಜೆ

ಕೇಳಿದೆ. ವಾಣಿಯ ಮುಖಕ್ಕೆ ದಿನಕ್ಕೆ ಎರಡು ಚೊಂಬು ಬೇಕು ಅತ್ತೆ, ಕಾವೇರಿ ನೀರೇ ಆಗಬೇಕು ಎಂದು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

ಅತ್ತೆ ಎದ್ದು ಹೋಗಿ ಕೊಡದ ಮುಚ್ಚಳ ತೆಗೆದರು. ಚೊಂಬು ತುಂಬಿಸಿ ವಾಣಿಯ ಬೊಗಸೆಗೆ ತಾವೇ ಹುಯ್ದರು. "ಚೆಲ್ಲಬ್ಯಾಡ" ಎಂದಷ್ಟೇ ಹೇಳಿದರು. ಕೈ ತೊಳೆಯಲು ಒಂದು ಹನಿ ಕೊಡದವರು.

ಆದರೂ ಪರೀಕ್ಷೆ ಎಂದರೆ ಪರೀಕ್ಷೆ. ಅದೇ ಬಾಟಲಿ, ಬಲಗೆನ್ನೆಗೆ ಕಾವೇರಿ, ಎಡಗೆನ್ನೆಗೆ ಬೋರ್. ವಾಣಿ ಬೈದುಕೊಂಡೇ ಒಪ್ಪಿದಳು.

ಫೆ. 18, ಮಂಗಳ

ಬಲ — ತಿಳಿಯಾಗಿದೆ. ಎಡ — ಕೆಂಪು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇವತ್ತಿನಿಂದ ಎರಡೂ ಕೆನ್ನೆಗೆ ಕಾವೇರಿ.

ನನ್ನ ತೀರ್ಪು: ಫೇಸ್ ವಾಶ್ ಒಳ್ಳೆಯದೇ, ಸೂಕ್ಷ್ಮ ಚರ್ಮಕ್ಕೆ ಹೊಂದುತ್ತದೆ. ನೀರು ಒಳ್ಳೆಯದಾದರೆ. ಅಂಗಡಿಗೆ ಬರುವವರಿಗೂ ಇನ್ನು ಮೊದಲು ಇದನ್ನೇ ಕೇಳುತ್ತೇನೆ — ನಿಮ್ಮ ಮನೆಯಲ್ಲಿ ಬೇಳೆ ಬೇಯುತ್ತದೆಯೇ?

ಫೆ. 24, ಸೋಮ. ಬೆಳಿಗ್ಗೆ 7.40

ಹೋದಳು! ಮಾಸ್ಕ್ ಹಾಕಿಕೊಂಡು, ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು. ಕಣ್ಣು ತುಂಬಿ ಬಂತು. ಹೇಳಿದ ಮಾತು ಉಳಿಸಿಕೊಂಡೆ.

ಅತ್ತೆಯೂ ಗೇಟಿನವರೆಗೆ ಬಂದಿದ್ದರು. ಬೆಳಗಿನ ಬಿಸಿಲು ಅವರ ಬೋಳು ಮುಖದ ಮೇಲೆ. ಮೊನ್ನೆ ಶುಕ್ರವಾರವೂ ಅರಿಶಿನ ಹಚ್ಚಲಿಲ್ಲ. ಮಾತಾಡುತ್ತಾರೆ, ಸಾರಿಗೆ ಉಪ್ಪು ಹಾಕುತ್ತಾರೆ, ವಾಣಿಗೆ ನೀರು ಹುಯ್ಯುತ್ತಾರೆ. ಅರಿಶಿನ ಮಾತ್ರ ಇಲ್ಲ. ನಾನು ತಪ್ಪಾಯಿತು ಎಂದಿಲ್ಲ. ಅವರೂ ಕೇಳಿಲ್ಲ. ಬಾಟಲಿಗೆ ಎರಡು ವಾರ ನ್ಯಾಯ ಹುಡುಕಿದವಳು, ಮನೆಯ ಹೆಂಗಸಿಗೆ ಒಂದು ನಿಮಿಷ ಕೊಡಲಿಲ್ಲ. ನಾಚಿಕೆಯಾಗುತ್ತದೆ.

ಫೆ. 28, ಶುಕ್ರವಾರ. ಬೆಳಿಗ್ಗೆ 6

ಅಟ್ಟ ಹತ್ತಿ ಕಲ್ಲು ಇಳಿಸಿದೆ. ಗೋಣಿ ಬಿಚ್ಚಿ ತೊಳೆದೆ. ಕೊಂಬು ತೇಯುತ್ತಿದ್ದೇನೆ, ನಡುನಡುವೆ ಕೈ ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಪುಟಕ್ಕೆಲ್ಲ ಹಳದಿ ಹತ್ತಿತು, ಹತ್ತಲಿ. ಕಾವೇರಿ ನೀರಲ್ಲೇ ತೇಯ್ದೆ. ಕಂಡರೆ ಬೈಯುತ್ತಾರೆ. ಬೈಯಲಿ ಎಂದೇ.

ಅತ್ತೆ ಎಣ್ಣೆ ಹಚ್ಚಿಕೊಂಡು ಬಚ್ಚಲ ಕಡೆ ಬರುತ್ತಿದ್ದಾರೆ. ಮಾತು ಎಲ್ಲಿಂದ ಶುರು ಮಾಡಲಿ? ಕೌಂಟರಿನಲ್ಲಿ ದಿನಕ್ಕೆ ನೂರು ಜನಕ್ಕೆ ಉತ್ತರ ಹೇಳುವ ಬಾಯಿ ಇದು. ಕಲ್ಲು ನೋಡಿದರು. ನಿಂತರು. ಅತ್ತೆ, ನಾನು ಅವತ್ತು—