ಶೂರ್ಡ್ ಹಟ ಹಿಡಿದ ನಕಲು

ಡೊಕ್ಕುಮ್, ಸೋಮವಾರ ಸಂಜೆ

ಪ್ರಿಯ ಶೂರ್ಡ್ ಅವರೇ,

ನಿಮ್ಮ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೆಂದು ನಿಮ್ಮ ತಂಗಿ ತಿಳಿಸಿದರು. ಆಸ್ಪತ್ರೆಯಲ್ಲೂ ನಿಮಗೆ ನಮ್ಮ ಕಂಪ್ಯೂಟರುಗಳದೇ ಚಿಂತೆಯಂತೆ, ಅದಕ್ಕೇ ಬರೆಯುತ್ತಿದ್ದೇನೆ.

ಇಂದು ಬೆಳಿಗ್ಗೆ ನಮ್ಮ ಹೆರಿಗೆ ಕೇಂದ್ರದ ಗುಮಾಸ್ತೆ ಔಕ್ಯೆ ಯಾವುದೋ ಬಿಲ್ಲೆಂದು ನಂಬಿ ಒಂದು ಇಮೇಲ್ ತೆರೆದಳು. ಅದರಲ್ಲಿದ್ದ ವೈರಸ್ಸಿನಿಂದ ಕಂಪ್ಯೂಟರಿನಲ್ಲಿದ್ದ ಗರ್ಭಿಣಿಯರ ಕಡತಗಳು ಒಂದೊಂದಾಗಿ ಬೀಗ ಹಾಕಿಕೊಳ್ಳತೊಡಗಿದವು. ನೀವು ಕಂಪ್ಯೂಟರುಗಳ ತಪಾಸಣೆಗೆ ಬಂದಾಗಲೆಲ್ಲ "ಬಂದ್ರಪ್ಪ, ಹಲ್ಲುಜ್ಜಿದ್ರಾ ಅಂತ ಕೇಳೋ ಮೇಷ್ಟ್ರು" ಎಂದು ನಗುತ್ತಿದ್ದವಳು ಅವಳೇ ಅಲ್ಲವೇ? ಆ ಔಕ್ಯೆ, "ಮೊದ್ಲು ತಂತಿ ಕೀಳು, ಆಮೇಲೆ ಅಳು ಅಂದಿದ್ರಲ್ಲ ಅವ್ರು!" ಎಂದು ಕೂಗುತ್ತಾ ಎಲ್ಲ ತಂತಿಗಳನ್ನೂ ಕಿತ್ತಳು.

ಅಷ್ಟರಲ್ಲಿ ನಮ್ಮಲ್ಲಿ ತೋರಿಸಿಕೊಳ್ಳುತ್ತಿದ್ದ ಯಿಟ್ಸ್ಕೆಗೆ ಹೆರಿಗೆ ನೋವು ಶುರುವಾಯಿತು. ಅವಳಿಗೆ ಒಂದು ಔಷಧಿ ಒಗ್ಗುವುದಿಲ್ಲ. ಗಾಬರಿಯಲ್ಲಿ ಗಂಡಹೆಂಡತಿ ಇಬ್ಬರಿಗೂ ಅದರ ಹೆಸರೇ ನೆನಪಾಗಲಿಲ್ಲ. ಪ್ರತಿ ಶುಕ್ರವಾರ ನೀವು ಹಟ ಹಿಡಿದು ನನ್ನ ಮನೆಗೆ ಒಯ್ಯಿಸುತ್ತಿದ್ದ, ಕಡತಗಳ ನಕಲಿರುವ ಡಿಸ್ಕನ್ನು ಬೇರೊಂದು ಲ್ಯಾಪ್‌ಟಾಪಿಗೆ ಹಾಕಿದೆ. ಆ ಔಷಧಿಯ ಹೆಸರೂ ಸೇರಿ ಎಲ್ಲವೂ ಅದರಲ್ಲಿತ್ತು.

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ತಾಯಿಯೂ ಕ್ಷೇಮ.

ಕೆಟ್ಟ ಯಂತ್ರಗಳನ್ನು ಸದ್ಯಕ್ಕೆ ಯಾರಿಗೆ ತೋರಿಸಲಿ, ದಯವಿಟ್ಟು ತಿಳಿಸಿ. ವೈದ್ಯರು ಬಿಟ್ಟ ಮೇಲೆ ಕಚೇರಿಗೆ ಬನ್ನಿ. ಏನೂ ಕೆಟ್ಟಿರದಿದ್ದರೂ ಬನ್ನಿ.

ನಿಮ್ಮ ದಾರಿ ಕಾಯುವ ಸೂಲಗಿತ್ತಿ,
ಹಿಲ್ಟ್ಯೆ